ಅಜ್ಜಿಯ ಪಾಠಶಾಲೆ ಮತ್ತು ಸುಪ್ರೀಂ ಕೋರ್ಟು

ಸಿ.ಎ. ಪರೀಕ್ಷೆಗೆ ಓದುತ್ತಿದ್ದಾಗ ಆದಾಯ ತೆರಿಗೆಯ ಪುಸ್ತಕದಲ್ಲಿ ‘ಲೋಕ ಶಿಕ್ಷಣ ಟ್ರಸ್ಟ್’ ಎಂಬ ಹೆಸರು ಕಂಡು ಬೆರಗಾದೆ. ಅಣ್ಣಿಗೇರಿಯ ನಮ್ಮ ಮನೆಗೆ ಹುಬ್ಬಳ್ಳಿಯಿಂದ ದಿನವೂ ಬರುತ್ತಿದ್ದ ‘ಸಂಯುಕ್ತ ಕರ್ನಾಟಕ’ದ ಒಡೆತನ ಅದೇ ಟ್ರಸ್ಟಿನದು.

ಕನ್ನಡ ಸೀಮೆ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದಾಗ ಬೆಳಗಾವಿಯಲ್ಲಿ ಹುಟ್ಟಿದ ಪತ್ರಿಕೆ ಇದು. ಏಕೀಕರಣದ ಬೇಡಿಕೆಯನ್ನೇ ಹೆಸರಾಗಿ ಹೊತ್ತಿತ್ತು. ರಂಗನಾಥ ದಿವಾಕರ, ಮೊಹರೆ ಹನುಮಂತರಾಯರಂಥ ಸ್ವಾತಂತ್ರ್ಯ ಹೋರಾಟಗಾರರು ಕಟ್ಟಿದ ಸಂಸ್ಥೆ. 1935ರ ಟ್ರಸ್ಟ್ ಪತ್ರದಲ್ಲಿ ಉದ್ದೇಶ ಸ್ಪಷ್ಟವಾಗಿದೆ: ಜನರಿಗೆ ಶಿಕ್ಷಣ ಕೊಡುವುದು, ವಾಚನಾಲಯ ನಡೆಸುವುದು, ಕನ್ನಡಿಗರಿಗೆ ತಮ್ಮದೇ ಪತ್ರಿಕೆ ಒದಗಿಸುವುದು.

ಶಿಕ್ಷಣವೇ ಉದ್ದೇಶವಾದ್ದರಿಂದ ತೆರಿಗೆ ವಿನಾಯಿತಿ ಬೇಕೆಂದು ಟ್ರಸ್ಟ್ ಕೇಳಿತು. 1975ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾನೂನು ಹೇಳುವ ಶಿಕ್ಷಣವೆಂದರೆ ಶಾಲೆಯಲ್ಲಿ ನಡೆಯುವಂಥ ಕ್ರಮಬದ್ಧ ಬೋಧನೆ. ತಿಳಿವಳಿಕೆ ಹೆಚ್ಚಿಸುವುದೆಲ್ಲ ಶಿಕ್ಷಣವಾದರೆ, ಜೇಬುಗಳ್ಳನೂ ನಮಗೊಂದು ಪಾಠ ಕಲಿಸುತ್ತಾನಲ್ಲ ಎಂಬುದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ವಾದ. ತುರ್ತು ಪರಿಸ್ಥಿತಿಯ ದಿನಗಳವು. ಮರುವರ್ಷ ಏಪ್ರಿಲ್‌ನಲ್ಲಿ ಪ್ರಜೆಯ ಸ್ವಾತಂತ್ರ್ಯದ ಪರವಾಗಿ ಏಕಾಂಗಿಯಾಗಿ ಭಿನ್ನ ತೀರ್ಪು ಬರೆದವರೂ ಇವರೇ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ.

ಪತ್ರಿಕೆ ಲಾಭದ ವ್ಯವಹಾರವಾಗಿ ನಡೆಯುತ್ತಿತ್ತು ಎಂಬ ಇನ್ನೊಂದು ಕಾರಣವನ್ನೂ ತೀರ್ಪು ಕೊಟ್ಟಿದೆ. ಲೆಕ್ಕ ಬರೆದೇ ಬದುಕುವ ನಾನು ಅದನ್ನು ಒಪ್ಪುತ್ತೇನೆ. ಜೇಬುಗಳ್ಳನ ಹೋಲಿಕೆಯನ್ನು ಮಾತ್ರ ಇಂದಿಗೂ ಒಪ್ಪಲಾರೆ. ಕಳ್ಳ ಕಲಿಸಬೇಕೆಂದು ಬರುವುದಿಲ್ಲ. ಈ ಪತ್ರಿಕೆ ಕಲಿಸುವುದಕ್ಕೆಂದೇ ಬಂದಿತ್ತು.

ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜ ಕಟ್ಟೆಯ ಮೇಲೆ ಕುಳಿತು ಹತ್ತಿ ಧಾರಣೆಯಿಂದ ಹಿಡಿದು ವಿಧಾನಸಭೆಯ ಸುದ್ದಿಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಅಜ್ಜಿ ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಅಜ್ಜ ಹೊಲಕ್ಕೆ ಹೋದ ಮೇಲೆ ಅದೇ ಪತ್ರಿಕೆಯನ್ನು ನೆಲದ ಮೇಲೆ ಹರಡಿ, ದೊಡ್ಡ ಅಕ್ಷರಗಳ ಮೇಲೆ ಬೆರಳಾಡಿಸಿ ನನ್ನನ್ನು ಕೇಳುತ್ತಿದ್ದರು: “ಇದು ಯಾವ ಅಕ್ಷರ?” ಆಗ ನಾನು ಮೂರನೆಯ ತರಗತಿ. ಅಜ್ಜಿಗೆ ‘ಕರ್ನಾಟಕ’ ಬೇಗ ಬಂತು. ‘ಸಂಯುಕ್ತ’ದ ‘ಕ್ತ’ ಹಿಡಿತಕ್ಕೆ ಸಿಗಲು ಇಡೀ ಒಂದು ಮಳೆಗಾಲ ಹಿಡಿಯಿತು.