ಹೋಟೆಲಿಗೆ ಪವರ್ ಲಾಗರ್ ಹಾಕುವಾಗ: ಕಾಯಿಲ್ ಮೇಲಿನ ಬಾಣ ನೋಡಿದಿರಾ?

ಕರೆಂಟ್ ಬಿಲ್ಲು ಏರಿತೆಂದರೆ ಉಡುಪಿ ಹೋಟೆಲಿನಲ್ಲಿ ಮೊದಲು ಬೈಸಿಕೊಳ್ಳುವುದು ಏಸಿ, ಆಮೇಲೆ ಗ್ರೈಂಡರ್. ಬಾಗಿಲಿನ ರಬ್ಬರ್ ಹರಿದ ಡೀಪ್ ಫ್ರೀಜರ್ ರಾತ್ರಿಯಿಡೀ ಓಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕರೆಂಟಿನ ಬಳಕೆಯನ್ನು ಹೊತ್ತು ಹೊತ್ತಿಗೆ ಅಳೆದು ಬರೆದಿಡುವ ಪೋರ್ಟೆಬಲ್ ಲಾಗರ್ ಒಂದು ವಾರ ಕೂರಿಸಿದರೆ ಅದು ಗೊತ್ತಾಗುತ್ತದೆ. ಮುಂಬೈಯ ಮಾಟುಂಗಾದಲ್ಲಿ ಬೆಸ್ಟ್ ಸಂಸ್ಥೆಯ ಕರೆಂಟು, ಮುಲುಂಡ್‌ನಲ್ಲಿ ಮಹಾವಿತರಣ ಕಂಪನಿಯದು. ಬಿಲ್ಲಿನ ರೂಪ ಬೇರೆಯಾದರೂ ಲಾಗರ್ ಹಾಕುವ ಕ್ರಮ ಒಂದೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ತಪ್ಪಾಗಿ ಜೋಡಿಸಿದರೂ ಲಾಗರ್ ಮುನಿಸಿಕೊಳ್ಳುವುದಿಲ್ಲ, ತಪ್ಪು ಲೆಕ್ಕವನ್ನೇ ಏಳು ದಿನ ಶ್ರದ್ಧೆಯಿಂದ ಬರೆದಿಡುತ್ತದೆ.

ಜಾಗ ಎಲ್ಲಿ? ಕಂಪನಿಯ ಸೀಲ್ ಇರುವ ಮೀಟರನ್ನಾಗಲಿ, ಅದರ ಹಿಂದಿನ ಫ್ಯೂಸನ್ನಾಗಲಿ ಮುಟ್ಟುವ ಹಾಗಿಲ್ಲ. ನಿಮ್ಮ ಮೇನ್ ಸ್ವಿಚ್ಚಿನಿಂದ ಹೊರಬರುವ ಕಡೆ ಹಿಡಿಯಿರಿ. ಜನರೇಟರಿನ ಚೇಂಜೋವರ್ (ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ಇದ್ದರೆ, ಬಿಲ್ಲಿಗೆ ತಾಳೆ ಹಾಕಬೇಕಾದಾಗ ಅದಕ್ಕಿಂತ ಮೊದಲು, ಹೋಟೆಲಿನ ಒಟ್ಟು ಲೋಡ್ ಬೇಕಾದಾಗ ಅದರ ನಂತರ. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನದು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ ಹತ್ತು ನಿಮಿಷ ಮೇನ್ ಇಳಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು. ಲಾಗರಿನ ಮೇಲೂ ವೋಲ್ಟೇಜ್ ವೈರುಗಳ ಮೇಲೂ ಸುರಕ್ಷತೆಯ ದರ್ಜೆ ಕ್ಯಾಟ್ 4 (CAT IV), 300 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರಬೇಕು. ವೈರಿನಲ್ಲಿ ಫ್ಯೂಸ್ ಇರುವ ಸೆಟ್ ಇನ್ನೂ ಉತ್ತಮ.

ಹಳೆಯ ಕಟ್ಟಡಗಳಲ್ಲಿ ಟೇಪಿನ ಬಣ್ಣ ನಂಬಬೇಡಿ. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್ ಎನ್ನುವುದು ಲೆಕ್ಕ. ರಿಪೇರಿಯ ಮೇಲೆ ರಿಪೇರಿಯಾದ ಬೋರ್ಡಿನಲ್ಲಿ ಕಪ್ಪು ವೈರೇ ಫೇಸ್ ಆಗಿರಬಹುದು. ಮಲ್ಟಿಮೀಟರ್ ಹಿಡಿದು ನೋಡಿ: ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230, ಎರಡು ಫೇಸ್ ನಡುವೆ ಸುಮಾರು 400 ವೋಲ್ಟ್. ಜೋಡಿಸುವಾಗ ಮೊದಲು ನ್ಯೂಟ್ರಲ್, ನಂತರ ಮೂರು ಫೇಸ್, ಕೊನೆಗೆ ವೈರಿನ ಸುತ್ತ ಹಾಕಿ ಕರೆಂಟ್ ಅಳೆಯುವ ಕಾಯಿಲ್. ಬಿಚ್ಚುವಾಗ ಉಲ್ಟಾ.

ಹಗ್ಗದಂತೆ ಬಾಗುವ ರೊಗೋವ್ಸ್ಕಿ ಕಾಯಿಲ್ ಇಕ್ಕಟ್ಟಾದ ಬೋರ್ಡಿಗೆ ಅನುಕೂಲ. ಅದರ ಎರಡು ತುದಿ ಕೂಡುವ ಜಾಗ ಪಕ್ಕದ ಫೇಸಿನ ವೈರಿಗೆ ತಾಗುವಂತಿರಬಾರದು, ಅಳತೆ ಹೆಚ್ಚುಕಡಿಮೆಯಾಗುತ್ತದೆ. ಪೂರ್ತಿ ನಾಲ್ಕು ಕೋರ್ ಕೇಬಲ್ ಸುತ್ತ ಹಾಕಿದರೆ ಹೋಗುವ ಕರೆಂಟು, ಬರುವ ಕರೆಂಟು ಎರಡೂ ಕಳೆದುಹೋಗಿ ಸೊನ್ನೆ ಬರುತ್ತದೆ. ಒಂದೊಂದು ಕೋರಿಗೆ ಒಂದೊಂದು. ಒಂದೇ ಫೇಸಿಗೆ ಎರಡು ಕೇಬಲ್ ಜೋಡಿ ಹೋಗಿದ್ದರೆ ಎರಡನ್ನೂ ಒಂದೇ ಕಾಯಿಲ್ ಒಳಗೆ ತನ್ನಿ. 3000 ಆಂಪಿನ ಕಾಯಿಲಿಗೆ 8 ಆಂಪ್ ಅಳೆಯಲು ಕೊಡುವುದೆಂದರೆ ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ಉದ್ದ ಸಾಕಾದರೆ ವೈರಿನ ಸುತ್ತ ಎರಡು ಸುತ್ತು ಹಾಕಿ, ಸೆಟ್ಟಿಂಗಿನಲ್ಲಿ ಸುತ್ತು 2 ಎಂದು ಕೊಡಿ. ಕೊಡಲು ಮರೆತರೆ ಎಲ್ಲವೂ ದುಪ್ಪಟ್ಟು ತೋರಿಸುತ್ತದೆ.

ಮುಖ್ಯ ಕೇಬಲಿಗೆ ಕೈ ಹೋಗದಿದ್ದರೆ ನಿಮ್ಮದೇ ಪ್ಯಾನೆಲಿನ ಸಿ.ಟಿ.ಯ (ದೊಡ್ಡ ಕರೆಂಟನ್ನು ಅಳತೆಗೆಂದು ಚಿಕ್ಕದಾಗಿಸುವ ಟ್ರಾನ್ಸ್‌ಫಾರ್ಮರ್) 5 ಆಂಪ್ ವೈರಿಗೆ ಚಿಕ್ಕ ಕ್ಲಾಂಪ್ ಹಾಕಬಹುದು. 200/5 ಇದ್ದರೆ ಅನುಪಾತ 40. ಲೋಡ್ ಇರುವಾಗ ಆ ವೈರನ್ನು ಮಾತ್ರ ಬಿಚ್ಚಲೇಬೇಡಿ, ತೆರೆದ ತುದಿಯಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಏಳುತ್ತದೆ.

ಈಗ ಬಾಣದ ವಿಚಾರ. ಕಾಯಿಲ್ ಮೇಲಿನ ಬಾಣ ಲೋಡಿನ ಕಡೆ ನೋಡಬೇಕು. ಮೂರೂ ಫೇಸಿನಲ್ಲಿ ಲೋಡ್ ಸಮ ಇದ್ದು ಒಂದು ಬಾಣ ಉಲ್ಟಾ ಆದರೆ, ಒಟ್ಟು ಪವರ್ ನಿಜದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಫೇಸಿನ ಕಾಯಿಲ್ ಅದಲುಬದಲಾದರೆ ಒಟ್ಟು ಸೊನ್ನೆಯ ಹತ್ತಿರ ಬರುತ್ತದೆ. ಹೋಟೆಲಿನಲ್ಲಿ ಲೋಡ್ ಸಮ ಇರುವುದೇ ಇಲ್ಲವಲ್ಲ. ಹಾಗಾಗಿ ಸೊನ್ನೆಯ ಬದಲು ಏನೋ ಒಂದು ನಂಬುವಂಥ ಅಂಕಿ ಬಂದು ಕೂರುತ್ತದೆ, ಮೋಸವಾಗುವುದೇ ಅಲ್ಲಿ. ಒಟ್ಟು ಬಿಟ್ಟು ಒಂದೊಂದು ಫೇಸಿನ ಕಿಲೋವ್ಯಾಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತಿದೆ ಎಂಬ ಅಂಕಿ) ನೋಡಿ. ಎಲ್ಲಿಯಾದರೂ ಮೈನಸ್ ಇದ್ದರೆ, ಅಥವಾ ಪವರ್ ಫ್ಯಾಕ್ಟರ್ 0.3ರಂತೆ ವಿಚಿತ್ರವಾಗಿದ್ದರೆ, ಮೊದಲು ಕಾಯಿಲ್ ಸರಿಯಿದೆಯೇ ನೋಡಿ. ಕೆಲವು ಲಾಗರುಗಳಲ್ಲಿ ಸ್ಕ್ರೀನಿನಲ್ಲೇ ಫೇಸ್ ಬದಲಿಸಬಹುದು. ನನಗೆ ಅದು ಒಗ್ಗದು. ಕಾಯಿಲನ್ನೇ ಸರಿಮಾಡಿದರೆ ಮುಂದಿನ ಸಲ ಗೊಂದಲವಿಲ್ಲ.

ಕಂಪನಿಯ ಮೀಟರಿಗೂ ತಾಳೆ ಹಾಕಿ ನೋಡಿ. ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆಂದು ಅಚ್ಚಾಗಿರುತ್ತದೆ. ಅದು 800 ಇದ್ದು, ಕೆಂಪು ದೀಪ 9 ಸೆಕೆಂಡಿನಲ್ಲಿ 20 ಸಲ ಮಿನುಗಿತು ಅನ್ನಿ: 3600ನ್ನು 20ರಿಂದ ಗುಣಿಸಿ, 800 ಗುಣಿಸು 9ರಿಂದ ಭಾಗಿಸಿ, 10 ಕಿಲೋವ್ಯಾಟ್. ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಎಣಿಸುವುದು ಸುಲಭ. ಅದೇ ಹೊತ್ತಿಗೆ ಲಾಗರ್ 6.5 ತೋರಿಸುತ್ತಿದ್ದರೆ ಮುಂದೆ ಹೋಗಬೇಡಿ. ಸಿ.ಟಿ. ಮೂಲಕ ನಡೆಯುವ ಮೀಟರ್ ಆದರೆ ಬಿಲ್ಲಿನಲ್ಲಿರುವ ಗುಣಕ ಸೇರಿಸುವುದನ್ನು ಮರೆಯಬೇಡಿ.

ದಾಖಲೆಯ ಅಂತರ 1 ನಿಮಿಷ ಸಾಕು, ಏಳು ದಿನಕ್ಕೆ 10,080 ಸಾಲು. ಡಿಮ್ಯಾಂಡನ್ನು, ಅಂದರೆ ಕೆಲವು ನಿಮಿಷಗಳ ಸರಾಸರಿ ಲೋಡನ್ನು, ಬಿಲ್ಲು ಎಷ್ಟು ನಿಮಿಷದ ಸರಾಸರಿಯಲ್ಲಿ ಲೆಕ್ಕ ಹಾಕುತ್ತದೋ ಅಷ್ಟಕ್ಕೆ ಪ್ರತ್ಯೇಕವಾಗಿ ಹೊಂದಿಸಿ. ಗ್ರೈಂಡರ್ ಮೋಟರ್ ಸ್ಟಾರ್ಟ್ ಆಗುವಾಗ ಮಾಮೂಲಿನ ಆರೇಳು ಪಟ್ಟು ಕರೆಂಟ್ ಎಳೆದರೂ ಒಂದೆರಡು ಸೆಕೆಂಡ್ ಮಾತ್ರ. ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಎಂ.ಸಿ.ಬಿ. ಯಾಕೆ ಬೀಳುತ್ತಿದೆ ಎಂಬುದೇ ಪ್ರಶ್ನೆಯಾದರೆ ಗರಿಷ್ಠ ಮೌಲ್ಯವನ್ನೂ ದಾಖಲಿಸಲು ಹೇಳಬೇಕು. ನಾಲ್ಕನೇ ಕಾಯಿಲ್ ಇದ್ದರೆ ನ್ಯೂಟ್ರಲ್‌ಗೆ ಹಾಕಿ. ಎಲ್‌ಇಡಿ, ಇನ್ವರ್ಟರ್ ಏಸಿಗಳ ಮೂರನೇ ಹಾರ್ಮೋನಿಕ್ (ಮಾಮೂಲಿನ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಕರೆಂಟು) ಅಲ್ಲಿ ಒಟ್ಟುಗೂಡುತ್ತದೆ. ಗಡಿಯಾರವನ್ನೂ ಸರಿಮಾಡಿ.

ಲಾಗರಿಗೆ ಕರೆಂಟ್ ಕೊಡುವ ಪ್ಲಗ್ ಅಡುಗೆಮನೆಯಲ್ಲಿ ಬೇಡ. ರಾತ್ರಿ ಪಾಳಿಯ ಹುಡುಗ ಮೊಬೈಲ್ ಚಾರ್ಜಿಗೆಂದು ಕಿತ್ತರೆ ಬ್ಯಾಟರಿ ಕೆಲವು ಗಂಟೆ ಹಿಡಿದೀತು, ಆಮೇಲೆ ದಾಖಲೆ ನಿಲ್ಲುತ್ತದೆ. ಅಳೆಯುತ್ತಿರುವ ಫೇಸಿನಿಂದಲೇ ಕರೆಂಟ್ ಪಡೆಯುವ ಸೌಲಭ್ಯ ಲಾಗರಿನಲ್ಲಿದ್ದರೆ ಬಳಸಿ. ಇಲ್ಲವಾದರೆ ಪ್ಲಗ್ಗಿಗೆ ಟೇಪ್ ಸುತ್ತಿ ಹಿಂದಿಯಲ್ಲೂ ಒಂದು ಚೀಟಿ ಅಂಟಿಸಿ. ಮಳೆಗಾಲದಲ್ಲಿ ತಳಮಹಡಿಯ ಮೀಟರ್ ರೂಮಿನ ನೆಲದ ಮೇಲೆ ಇಡಬಾರದು, ಎತ್ತರಕ್ಕೆ ಕಟ್ಟಿ.

ವಾರ ಪೂರ್ತಿ ಗಲ್ಲಾದ ಬಳಿ ಒಂದು ನೋಟ್‌ಬುಕ್ ಇರಲಿ: ಹಿಟ್ಟು ರುಬ್ಬಿದ ಹೊತ್ತು, ಏಸಿ ಹಾಕಿದ ಹೊತ್ತು, ರಜೆಯ ದಿನ. ಅದಿಲ್ಲದ ಗ್ರಾಫ್ ಬರೀ ಗುಡ್ಡಬೆಟ್ಟ. ನೋಡುವಾಗ ರಾತ್ರಿ 2 ಗಂಟೆಯಿಂದ ಶುರುಮಾಡಿ. ಆಗಲೂ 1.5 ಕಿಲೋವ್ಯಾಟಿಗಿಂತ ಕೆಳಗಿಳಿಯದಿದ್ದರೆ, ಆ ಒಂದೇ ಗೆರೆ 30 ದಿನಕ್ಕೆ 1,080 ಯೂನಿಟ್. ಫ್ರೀಜರ್, ವಾಟರ್ ಕೂಲರ್ ಒಂದೊಂದಾಗಿ ಆಫ್ ಮಾಡಿ ಆ ಗೆರೆ ಎಷ್ಟು ಇಳಿಯುತ್ತದೆಂದು ನೋಡುವುದು ಲಾಗರ್ ಅಲ್ಲಿರುವಾಗಲೇ ಆಗಬೇಕಾದ ಕೆಲಸ. ಹಾಗಾಗಿ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿ, ತೆರೆದು, ಕೊನೆಯ ಸಾಲಿನ ತಾರೀಕು ಓದಿದ ಮೇಲಷ್ಟೇ ಕಾಯಿಲ್ ಬಿಚ್ಚಿ.