ಗಾಲಿ ನೆಲ ಬಿಡಬಾರದು

ಕಳೆದ ರವಿವಾರ ಬೆಳಿಗ್ಗೆ ಅಣ್ಣಿಗೇರಿ ದಾಟಿ ಗದಗದ ಕಡೆಗೆ ಹೋಗುತ್ತಿದ್ದಾಗ, ನನ್ನ ಮುಂದಿದ್ದ ಗೆಳೆಯನ ಕಾರಿನ ಹಿಂದಿನ ಎಡಗಾಲಿ ಒಂದು ಸಣ್ಣ ಸೇತುವೆಯ ಇಳಿಜಾರಿನಲ್ಲಿ ನೆಲ ಬಿಟ್ಟಿತು. ಟೈರಿನ ಕೆಳಗೆ ನಾಲ್ಕು ಬೆರಳಿನಷ್ಟು ಬೆಳಕು ಕಂಡಿತು. ಮರುಕ್ಷಣ ಕಾರು ಅರ್ಧ ಮಾರು ಪಕ್ಕಕ್ಕೆ ಸರಿದು, ಮತ್ತೆ ತನ್ನ ದಾರಿಗೆ ಬಂದಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ಗದಗದಲ್ಲಿ ಚಹಾಕ್ಕೆ ನಿಂತಾಗ ಅವನು, "ಸ್ಟಿಫ್ ಮಾಡಿಸಿದ ಮ್ಯಾಲೆ ಹಂಗ ಇರತೈತಿ, ಟ್ರ್ಯಾಕ್ ಗಾಡಿ ಅಂದ್ರ ಅದ" ಎಂದು, ರೇಸ್ ಟ್ರ್ಯಾಕಿಗೆಂದು ಸ್ಪ್ರಿಂಗು ಗಡುಸು ಮಾಡಿಸಿದ್ದನ್ನು ಕುರಿತು, ಸಹಜವಾಗಿ ಹೇಳಿದ. ಆ ಬೆಳಕು ಇಡೀ ವಾರ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ನನ್ನ ಗೆಳೆಯ ಉದಾರಿ, ಧೈರ್ಯವಂತ, ಕಷ್ಟಕ್ಕೆ ಒದಗುವ ಮನುಷ್ಯ. ಆದರೆ ಕಾರಿನ ವಿಷಯದಲ್ಲಿ ಅವನು ಮೊದಲು ನೋಡುವುದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗವನ್ನು. ಆ ಜಾಗ ಕಡಿಮೆಯಾದಷ್ಟೂ ಕಾರು ಒಳ್ಳೆಯದೆಂದು ಅವನ ನಂಬಿಕೆ. ಬೆಂಗಳೂರಿನ ಅಂಗಡಿಯೊಂದು ಈ ನಂಬಿಕೆಯನ್ನು ಚೆನ್ನಾಗಿ ಅರಿತು, ಅತ್ಯಂತ ಗಡುಸಾದ ಕಾಯ್ಲೋವರ್ (ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗು ಇರುವ, ಎತ್ತರ ಹೊಂದಿಸಬಹುದಾದ ಭಾಗ) ಜೋಡಿಯನ್ನು ಹಾಕಿ, ಕಾರನ್ನು 40 ಮಿಮೀ ಕೆಳಗಿಳಿಸಿ ಕಳುಹಿಸಿದೆ. ಕಾರು ಯಾವ ಊರಿನಲ್ಲಿ ಓಡುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲವಂತೆ. ಇದು ನನಗೆ ಬಹಳ ಬೇಸರ ತರಿಸಿದ ಸಂಗತಿ.

ನನ್ನದು 987 ಪೀಳಿಗೆಯ ಹಳೆಯ ಪೋರ್ಷೆ ಕೇಮನ್. ಅದರ ಡ್ಯಾಂಪರುಗಳು, ಅಂದರೆ ಸ್ಪ್ರಿಂಗಿನ ತೂಗಾಟವನ್ನು ತಡೆಯುವ ಶಾಕ್ ಅಬ್ಸಾರ್ಬರುಗಳು, ಸವೆದಿರುವುದರಿಂದ ಏನು ಹಾಕಿಸಬೇಕೆಂಬ ಪ್ರಶ್ನೆ ಈ ತಿಂಗಳು ನನ್ನ ಮುಂದೆಯೂ ಇತ್ತು. ಮಂಗಳವಾರ ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯ ಗ್ಯಾರೇಜಿಗೆ ಹೋಗಿ, ಅಲ್ಲಿನ ಹಿರಿಯ ಮಿಸ್ತ್ರಿ ಕಾಕಾ ಅವರ ಮುಂದೆ ರವಿವಾರ ಕಂಡದ್ದನ್ನು ವಿವರಿಸಿದೆ. ಅವರು ವಯಸ್ಸಿನ ಬಹುಭಾಗವನ್ನು ಲಾರಿಗಳ ಕಮಾನ್ ಪಾಟಾ (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಕೆಲಸದಲ್ಲಿ ಕಳೆದವರು. ಕೈ ಒರೆಸಿಕೊಳ್ಳುತ್ತ ಅವರು ಹೇಳಿದ್ದು ಇಷ್ಟು: "ಸಾಹೇಬ್ರ, ಗಾಲಿ ನೆಲಾ ಬಿಟ್ಟ ಗಳಿಗಿಗೆ ಸ್ಟೇರಿಂಗೂ ನಿಮ್ದಲ್ಲ, ಬ್ರೇಕೂ ನಿಮ್ದಲ್ಲ. ಶಾಕಪ್ ಇರೂದು ಗಾಲೀನ ನೆಲಕ್ಕ ಹಿಡದಿಡ್ಲಿಕ್ಕೆ. ಗಾಡಿ ಗಟ್ಟಿ ಕಾಣ್ಲಿಕ್ಕಲ್ಲ."

ಸಸ್ಪೆನ್ಶನ್, ಅಂದರೆ ಗಾಲಿಗೂ ಕಾರಿನ ದೇಹಕ್ಕೂ ನಡುವಿನ ಸ್ಪ್ರಿಂಗು ಡ್ಯಾಂಪರುಗಳ ವ್ಯವಸ್ಥೆ, ಕುರಿತು ನಾನು ಓದಿರುವ ಎಲ್ಲದರ ತಿರುಳು ಈ ಮಾತಿನಲ್ಲಿದೆ ಎಂದು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಅಂದಿನಿಂದ ಲೆಕ್ಕದ ಹಾಳೆಯ ಮುಂದೆ ಕುಳಿತಾಗಲೆಲ್ಲ ಅದೇ ಮಾತು ಕಿವಿಯಲ್ಲಿ ಕೇಳಿಸುತ್ತಿದೆ. ಸಾಮಾನ್ಯ ಕಾರಿನ ದೇಹ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ, ಟ್ರ್ಯಾಕಿಗೆಂದು ಗಡುಸು ಮಾಡಿದ ಕಾರು ಎರಡಕ್ಕಿಂತ ಹೆಚ್ಚು ಸಲ. ಈ ಸಂಖ್ಯೆ 1.5 ಇದ್ದರೆ ನಿಂತ ಕಾರಿನ ಭಾರಕ್ಕೆ ಸ್ಪ್ರಿಂಗು, ಗಾಲಿಯ ಬಳಿ ಅಳೆದಾಗ, ಸುಮಾರು 11 ಸೆಂಮೀ ಕುಗ್ಗಿರುತ್ತದೆ, 2.2 ಆದರೆ ಕುಗ್ಗುವುದು ಕೇವಲ 5 ಸೆಂಮೀ. ನೆಲ ಒಮ್ಮೆಲೇ ಕೆಳಗೆ ಜಾರಿದಾಗ ಗಾಲಿಯನ್ನು ಅದರ ಹಿಂದೆಯೇ ಕೆಳಕ್ಕೆ ತಳ್ಳುವುದು ಈ ಕುಗ್ಗಿದ ಸ್ಪ್ರಿಂಗೇ. ಸೇತುವೆಯಿಂದ ಇಳಿಯುವಲ್ಲಿ ಡಾಂಬರು 6-7 ಸೆಂಮೀ ಕುಸಿದಿದ್ದರೆ ಮೆದು ಸ್ಪ್ರಿಂಗಿಗೆ ಇನ್ನೂ ತಳ್ಳುವ ಬಲ ಉಳಿದಿರುತ್ತದೆ, ಗಡುಸು ಸ್ಪ್ರಿಂಗು ಅಷ್ಟರಲ್ಲಿ ತನ್ನ ಬಲವನ್ನೆಲ್ಲ ಮುಗಿಸಿರುತ್ತದೆ. ಅದರ ಮೇಲೆ ಡ್ಯಾಂಪರಿನ ರಿಬೌಂಡನ್ನೂ (ಕುಗ್ಗಿದ ಸ್ಪ್ರಿಂಗು ಹಿಗ್ಗುವಾಗಿನ ತಡೆ) ಪೂರ್ತಿ ಬಿಗಿ ಮಾಡಿದ್ದರೆ, ಇರುವ ಅಷ್ಟು ಬಲವೂ ಗಾಲಿಗೆ ಸಮಯಕ್ಕೆ ತಲುಪುವುದಿಲ್ಲ. ಅಣ್ಣಿಗೇರಿಯ ಬಳಿ ಕಂಡ ಆ ಬೆಳಕಿಗೆ ಕಾರಣ ಇದೇ ಎಂದು ನನಗೆ ತೋರುತ್ತದೆ.

ನಮ್ಮ ಈ ಸೀಮೆಯ ನೆಲವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗದವರೆಗೆ ಹಬ್ಬಿರುವುದು ಎರೆಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರು ಎಷ್ಟೇ ನುಣುಪಾಗಿದ್ದರೂ ಕೆಲವು ವರ್ಷಗಳಲ್ಲಿ ಉದ್ದುದ್ದ ಅಲೆಗಳನ್ನು ಪಡೆಯುತ್ತದೆ. ಗಂಟೆಗೆ 80 ಕಿಮೀ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಲೆಗಳ ನಡುವಿನ ಅಂತರ 15 ಮೀಟರ್ ಇದ್ದರೆ ರಸ್ತೆ ಕಾರನ್ನು ಸೆಕೆಂಡಿಗೆ ಸರಿಯಾಗಿ ಒಂದೂವರೆ ಸಲ ನೂಕುತ್ತದೆ, ಮೆದು ಸ್ಪ್ರಿಂಗಿನ ಸಹಜ ತೂಗಾಟವೂ ಅಷ್ಟೇ. ಎರಡೂ ಒಂದಾದಾಗ ಸವೆದ ಡ್ಯಾಂಪರಿನ ಕಾರು ಅಲೆ ಅಲೆಗೂ ಹೆಚ್ಚು ಹೆಚ್ಚು ತೂಗಾಡುತ್ತದೆ. ಇದನ್ನು ಅನುಭವಿಸಿದವರೇ ಸ್ಪ್ರಿಂಗು ಗಡುಸು ಮಾಡಿಸಲು ಓಡುತ್ತಾರೆ. ಆದರೆ ಅಲ್ಲಿ ಕೆಟ್ಟಿರುವುದು ತೂಗಾಟವನ್ನು ನಿಲ್ಲಿಸಬೇಕಾದ ಡ್ಯಾಂಪರು, ಸ್ಪ್ರಿಂಗಲ್ಲ. ಆದ್ದರಿಂದ ಮೊದಲ ರೂಪಾಯಿ ಒಳ್ಳೆಯ ಡ್ಯಾಂಪರಿಗೇ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಳಗಿಳಿಸುವ ವಿಷಯಕ್ಕೆ ಬಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಕಟ್ಟಿದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ್ದಾಗಿರಬೇಕು. ನನ್ನ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,415 ಮಿಮೀ. ಅಂಥ ಉಬ್ಬನ್ನು ಹಾಯುವಾಗ ಕಾರಿನ ನಡುಹೊಟ್ಟೆಯ ಕೆಳಗೆ ನೆಲ 43 ಮಿಮೀ ಮೇಲೇರುತ್ತದೆ. ನಿಯಮಬದ್ಧ ಉಬ್ಬೇ ಇಷ್ಟು ಜಾಗ ಕೇಳುವಾಗ, ಓಣಿಯವರು ಒಂದು ರಾತ್ರಿಯಲ್ಲಿ ಕಟ್ಟುವ ಕಡಿದಾದ ದಿಬ್ಬಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ಅಲ್ಲದೆ ಕೇಮನ್ನಿನ ನಾಲ್ಕೂ ಗಾಲಿಗಳಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಡ್ಯಾಂಪರೇ ಗಾಲಿಯನ್ನು ನೆಟ್ಟಗೆ ಹಿಡಿಯುವ ಕಂಬವೂ ಆಗಿರುವ ವಿನ್ಯಾಸ. ಅದನ್ನು ಅತಿಯಾಗಿ ಇಳಿಸಿದರೆ ಗಾಲಿಯನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮ್ ಗಾಲಿಯ ಕಡೆಗೆ ಮೇಲ್ಮುಖವಾಗಿ ವಾಲುತ್ತದೆ, ಆಗ ರೋಲ್ ಸೆಂಟರು (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಕಾರಿನ ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿದು, ತಿರುವಿನಲ್ಲಿ ಕಾರನ್ನು ವಾಲಿಸುವ ಬಲದ ತೋಳು ಉದ್ದವಾಗುತ್ತದೆ. ವಾಲುವುದನ್ನು ತಪ್ಪಿಸಲೆಂದು ಇಳಿಸಿದವರು ವಾಲುವ ಗುಣವನ್ನೇ ಹೆಚ್ಚಿಸಿಕೊಂಡು, ಅದನ್ನು ಮುಚ್ಚಲು ಇನ್ನಷ್ಟು ಗಡುಸು ಸ್ಪ್ರಿಂಗು ಹಾಕಿಸುತ್ತಾರೆ.

ಟ್ರ್ಯಾಕಿಗೆ ಬೇಕಾದದ್ದು ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುತ್ತುವಾಗ ಮುಂದಿನ ಟೈರಿನ ಹೊರ ಅಂಚು ಬಿಸಿಯಾಗಿ ಸವೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾರು ವಾಲಿದಾಗ ಸ್ಟ್ರಟ್ ಇರುವ ಗಾಲಿಯೂ ಹೊರಕ್ಕೆ ವಾಲುವುದರಿಂದ, ಮೊದಲೇ ಒಳಕ್ಕೆ ವಾಲಿಸಿಡುವ ಕ್ಯಾಂಬರ್ ಅಲ್ಲಿ ಅಗತ್ಯ. ಬೀದಿಯಲ್ಲಿ ಕ್ಯಾಂಬರ್ ಟೈರನ್ನು ತಿನ್ನುತ್ತದೆ ಎಂದು ಹೆದರುವವರು ಬಹಳ, ಆದರೆ ಒಳ ಅಂಚನ್ನು ಬೇಗ ಸವೆಸುವುದು ಹೆಚ್ಚಾಗಿ ತಪ್ಪಾದ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿ ನೇರ ದಾರಿಯಿಂದ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಸರಿಯುವ ಒಟ್ಟು ಭಾರವನ್ನು ಸ್ಪ್ರಿಂಗು ಕಡಿಮೆ ಮಾಡಲಾರದು. ಅದನ್ನು ನಿರ್ಧರಿಸುವುದು ಗುರುತ್ವ ಕೇಂದ್ರದ ಎತ್ತರ, ಗಾಲಿಗಳ ನಡುವಿನ ಅಗಲ ಮತ್ತು ತಿರುವಿನ ವೇಗ. ಸ್ಪ್ರಿಂಗು ಮತ್ತು ಆಂಟಿ ರೋಲ್ ಬಾರುಗಳು (ಎಡಬಲದ ಗಾಲಿಗಳನ್ನು ಕೂಡಿಸಿ ವಾಲುವುದನ್ನು ತಡೆಯುವ ಸರಳುಗಳು) ಆ ಭಾರವನ್ನು ಮುಂದೆಷ್ಟು ಹಿಂದೆಷ್ಟು ಎಂದು ಹಂಚುತ್ತವೆ ಅಷ್ಟೇ. ಟ್ರ್ಯಾಕ್ ಎಂದರೆ ಗಾಜಿನಂತೆ ಸಮತಟ್ಟು ಎಂಬ ಕಲ್ಪನೆಯೂ ಸರಿಯಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ 20.8 ಕಿಮೀ ಉದ್ದದ ಹಳೆಯ ಸುತ್ತು ಉಬ್ಬುತಗ್ಗುಗಳಿಗೇ ಹೆಸರಾಗಿದೆ.

ಕಾಕಾ ಇವುಗಳಲ್ಲಿ ಯಾವ ಸಂಖ್ಯೆಯನ್ನೂ ಹೇಳಲಿಲ್ಲ. ಹತ್ತಿ, ಉಳ್ಳಾಗಡ್ಡಿ ಇಳಿಸಿ ಖಾಲಿಯಾಗಿ ಮರಳುವ ಲಾರಿಯ ಹಿಂಗಾಲಿ ಬ್ರೇಕು ಒತ್ತಿದಾಗ ಹೇಗೆ ಜಿಗಿಯುತ್ತದೆ, ಭಾರಕ್ಕೆಂದು ಬಿಗಿದ ಪಾಟಾ ಭಾರವಿಲ್ಲದಾಗ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಅವರು ಜೀವಮಾನವೆಲ್ಲ ನೋಡಿದ್ದಾರೆ. ಈ ತಿಳಿವಳಿಕೆಯನ್ನು ಯಾರೂ ಬರೆದಿಡುತ್ತಿಲ್ಲ. ಬೇರೆ ದೇಶದ ರಸ್ತೆಯ ಮೇಲೆ ಬೇರೆಯವರು ಓಡಿಸಿ ನೀಡಿದ ಶಿಫಾರಸನ್ನು ನಾವು ಲಕ್ಷಗಟ್ಟಲೆ ಕೊಟ್ಟು ತರಿಸಿಕೊಳ್ಳುತ್ತೇವೆ, ನಮ್ಮ ನೆಲವನ್ನು ಅಂಗೈಯಂತೆ ಬಲ್ಲವರನ್ನು ಒಂದು ಮಾತು ಕೇಳುವುದಿಲ್ಲ. ಈ ವಾರ ನನ್ನನ್ನು ಹೆಚ್ಚು ಕಾಡಿದ್ದು ಇದು. ಟ್ರ್ಯಾಕಿನ ದಿನ ಮುಗಿದ ಮೇಲೆ ಕಾರು ಅದೇ ಗಾಲಿಗಳ ಮೇಲೆ ನೂರಾರು ಕಿಲೋಮೀಟರ್ ಓಡಿ ಹುಬ್ಬಳ್ಳಿಗೆ ಮರಳಬೇಕು. ಆ ದಾರಿಯ ಅತ್ಯಂತ ಕೆಟ್ಟ ಭಾಗವನ್ನು ಮುಂದಿಟ್ಟುಕೊಂಡೇ ಆಯ್ಕೆ ಮಾಡಬೇಕೆಂದು ನಾನು ನಂಬುತ್ತೇನೆ.

ಗುರುವಾರ ನಿರ್ಧಾರವಾಯಿತು. ಮೂಲ ಎತ್ತರದ ಸ್ಪ್ರಿಂಗುಗಳಿಗೆ ಹೊಂದುವ ಬಿಲ್‌ಸ್ಟೀನ್ ಬಿ6 ಮೊನೊಟ್ಯೂಬ್ (ಒಂದೇ ಕೊಳವೆಯ) ಡ್ಯಾಂಪರುಗಳನ್ನು ತರಿಸುತ್ತಿದ್ದೇನೆ. ಅವುಗಳಲ್ಲಿ ಎಣ್ಣೆಯನ್ನು ಒತ್ತಡದ ನೈಟ್ರೋಜನ್‌ನಿಂದ ಬೇರ್ಪಡಿಸಿರುವುದರಿಂದ ಬಿಸಿಯಾದಾಗಲೂ ನೊರೆಯೇಳುವ ಭಯ ಕಡಿಮೆ. ಸ್ಟ್ರಟ್ಟಿನ ಮೇಲಿನ ಮೌಂಟು ಮತ್ತು ಆರ್ಮುಗಳ ಕೀಲಿನಲ್ಲಿರುವ ರಬ್ಬರ್ ಬುಷ್ ಹೊಸದಾಗಲಿವೆ, ಹೆಚ್ಚು ಗಡುಸಾದ ಪಾಲಿಯುರಿಥೇನ್ ಬುಷ್ ಬೇಡವೆಂದು ಕಾಕಾ ಹೇಳಿದ್ದನ್ನು ಒಪ್ಪಿದ್ದೇನೆ. ಮುಂದಿನ ಆಂಟಿ ರೋಲ್ ಬಾರ್ ಮಾತ್ರ ರಂಧ್ರ ಬದಲಿಸಿ ಬಿಗಿ ಹೊಂದಿಸಬಹುದಾದದ್ದು. ಮುಂದಿನ ಕ್ಯಾಂಬರನ್ನು ಮೂಲ ಭಾಗಗಳು ಬಿಟ್ಟುಕೊಡುವಷ್ಟು ಒಳಕ್ಕೆ ತಂದು, ಟೋವನ್ನು ಸೊನ್ನೆಗೆ ಇಡುತ್ತೇವೆ. ಬಾರನ್ನು ಯಾವ ರಂಧ್ರಕ್ಕೆ ಕೂಡಿಸಬೇಕೆಂಬುದನ್ನು ಕೊಯಮತ್ತೂರಿನಲ್ಲಿ ಟೈರಿನ ಒಳ, ನಡು, ಹೊರ ಅಂಚುಗಳ ಬಿಸಿಯನ್ನು ಅಳೆದ ಮೇಲೆಯೇ ತೀರ್ಮಾನಿಸುತ್ತೇನೆ. ಗೆಳೆಯನಿಗೂ ರಿಬೌಂಡನ್ನು ಕೆಲವು ಕ್ಲಿಕ್ ಸಡಿಲಿಸಿ, ಕಾರನ್ನು 25 ಮಿಮೀ ಮೇಲೆತ್ತಿಸಲು ಹೇಳಿದ್ದೇನೆ. ಶನಿವಾರ ಕಾಕಾ ಅವರ ಬಳಿಗೆ ಕಾರು ತರುತ್ತೇನೆಂದು ಒಪ್ಪಿಕೊಂಡಿದ್ದಾನೆ.