ಕೊನೇ ತಿಂಗಳ ಮೆಸ್ ಬಿಲ್

ಸೆಮಿಸ್ಟರ್ ಮುಗಿಯುತ್ತಾ ಬಂದ ಹಾಗೆ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಒಂದಿಂಚೂ ಜಾಗ ಇರುತ್ತಿರಲಿಲ್ಲ. ಹಾಲ್ ಟಿಕೆಟ್ ಯಾವತ್ತು ಕೊಡುತ್ತಾರೆ, ಲೈಬ್ರರಿ ಪುಸ್ತಕ ಯಾವತ್ತಿನ ಒಳಗೆ ವಾಪಸ್ ಕೊಡಬೇಕು, ಯಾವ ವಿಭಾಗದ ಗ್ರೂಪ್ ಫೋಟೋ ಎಷ್ಟು ಗಂಟೆಗೆ, ಬೀಳ್ಕೊಡುಗೆಗೆ ತಲೆಗೆ ಎಷ್ಟು ಚಂದಾ. ಇಷ್ಟರ ನಡುವೆ ಮೂಲೆಯಲ್ಲಿ ನಾನು ಅಂಟಿಸಿದ್ದ ಒಂದು ಚೀಟಿಯೂ ಇತ್ತು. ‘ಕೊನೇ ತಿಂಗಳ ಮೆಸ್ ಬಿಲ್ ಬಗ್ಗೆ ಮಾತಾಡಬೇಕು. ಇವತ್ತು ರಾತ್ರಿ ಊಟ ಆದಮೇಲೆ ಯಾರೂ ಎದ್ದು ಹೋಗಬೇಡಿ.’

ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಕನ್ನಡ ಎಂ.ಎ. ಹಾಸ್ಟೆಲಿನ ಹೆಸರು ಇಲ್ಲಿ ಬೇಡ. ಎರಡನೇ ವರ್ಷ ನನ್ನನ್ನು ಮೆಸ್ ಸೆಕ್ರೆಟರಿ ಮಾಡಿದ್ದರು. ದಿನಸಿ ತರಿಸೋದು, ಸ್ಟೋರ್ ರೂಮಿನ ಬೀಗದ ಕೈ ಇಟ್ಟುಕೊಳ್ಳೋದು, ತಿಂಗಳ ಕೊನೆಗೆ ಲೆಕ್ಕ ಬರೆದು ವಾರ್ಡನ್ ಮುಂದೆ ಇಡೋದು ನನ್ನ ಕೆಲಸ.

ನಮ್ಮದು ಡಿವೈಡಿಂಗ್ ಮೆಸ್. ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ಗೊತ್ತೇ ಇರುತ್ತೆ. ತಿಂಗಳ ಒಟ್ಟು ಖರ್ಚು ಎಷ್ಟಾಯಿತೋ ಅದನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸಿದರೆ ಒಂದು ದಿನದ ದರ ಬರುತ್ತದೆ. ನೀವು ಎಷ್ಟು ದಿನ ಉಂಡಿರೋ ಅಷ್ಟರಿಂದ ಅದನ್ನು ಗುಣಿಸಿ ನಿಮ್ಮ ಬಿಲ್. ಹಾಜರಿ ಪುಸ್ತಕದಲ್ಲಿ ಮಧ್ಯಾಹ್ನಕ್ಕೆ ಒಂದು ಮನೆ, ರಾತ್ರಿಗೆ ಒಂದು ಮನೆ. ಊಟ ಬೇಡ ಅಂದರೆ ಹಿಂದಿನ ದಿನವೇ ಅಡ್ಡಗೆರೆ ಹಾಕಬೇಕು, ಆಗ ಅರ್ಧ ದಿನ ಕಡಿಮೆಯಾಗುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ಈ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಪರೀಕ್ಷೆ ತಿಂಗಳಲ್ಲಿ ಮಾತ್ರ ತಪ್ಪಿಬಿಡುತ್ತದೆ.

ಯಾಕೆ ಅಂತ ಹೇಳ್ತೀನಿ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ. ನಾವು 120 ಜನ. ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸ್ ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 70 ರೂಪಾಯಿ. ಅಡುಗೆಯವರಿಗೆ ನಾವು ಕೊಡಬೇಕಾದ ಸಂಬಳ ತಿಂಗಳಿಗೆ 60,000. ಪರೀಕ್ಷೆ ಎಲ್ಲರಿಗೂ ಒಂದೇ ದಿನ ಮುಗಿಯುವುದಿಲ್ಲ. ನಮ್ಮಲ್ಲಿ ಸಿ-1, ಸಿ-2, ಸಿ-3 ಅಂತ ಮೂರು ಘಟ್ಟ, ಸೆಮಿಸ್ಟರ್ ಕೊನೆಗೆ ಬರೋದು ಸಿ-3. ಕನ್ನಡ, ಇತಿಹಾಸ, ಅರ್ಥಶಾಸ್ತ್ರದವರಿಗೆ ಅದು 20ನೇ ತಾರೀಕಿಗೆ ಮುಗಿದರೆ, ಪ್ರಾಕ್ಟಿಕಲ್ಸ್ ಮತ್ತು ವೈವಾ ಇರುವ ವಿಜ್ಞಾನದ ಹುಡುಗಿಯರಿಗೆ ತಿಂಗಳ ಕೊನೆಯವರೆಗೂ ಎಳೆಯುತ್ತದೆ. 80 ಜನ ಹೊರಡುತ್ತಾರೆ, 40 ಜನ ಉಳಿಯುತ್ತಾರೆ.

ಹೊರಡುವವರು ಬಾಕಿ ತೀರಿಸದೆ ನೋ ಡ್ಯೂಸ್ ಸಿಗುವುದಿಲ್ಲ. ಅದಕ್ಕೆ ಅವರ ಲೆಕ್ಕವನ್ನು 20ಕ್ಕೇ ಮುಗಿಸಬೇಕು. ಆವತ್ತಿನವರೆಗಿನ ಖರ್ಚು ಭಾಗಿಸಿದರೆ ದಿನಕ್ಕೆ 87 ರೂಪಾಯಿ ಹತ್ತಿರ ಬರುತ್ತದೆ. ಅವರು ಕೊಟ್ಟು ಹೋದರು. ಉಳಿದ ಹತ್ತು ದಿನದ ಸಂಬಳ 20,000 ರೂಪಾಯಿ. ಅದು ಈಗ 40 ಜನರ ತಲೆ ಮೇಲೆ. ಅವರ ದರ ದಿನಕ್ಕೆ 120 ಆಗುತ್ತದೆ. ಊಟ ಅದೇ. ಸಾರೂ ಅದೇ. ಇನ್ನೂ ಇರಬೇಕಾಯಿತು ಅನ್ನೋದಕ್ಕೆ ದಿನಕ್ಕೆ 33 ರೂಪಾಯಿ ಜಾಸ್ತಿ.

ಮೊದಲ ವರ್ಷ ನಾನು ಆ ಉಳಿದವರಲ್ಲಿ ಒಬ್ಬಳಾಗಿದ್ದೆ. ನನ್ನ ಪರೀಕ್ಷೆ ಮುಗಿದಿತ್ತು. ಆದರೆ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತ್ತು. ಸೆಮಿಸ್ಟರ್ ಕೊನೆ ಅಂದರೆ ಆ ಅಂಗಡಿಗಳಿಗೆ ಸುಗ್ಗಿ ಕಾಲ. ಎಲ್ಲರ ಪ್ರಬಂಧ, ಪ್ರಾಜೆಕ್ಟ್ ರಿಪೋರ್ಟು ಒಟ್ಟಿಗೇ ಬರುತ್ತವೆ. ಒಂದು ಕಡೆ ಸ್ಪೈರಲ್ ಬೈಂಡಿಂಗ್, ಇನ್ನೊಂದು ಕಡೆ ಗಟ್ಟಿ ರಟ್ಟಿಗೆ ಬಂಗಾರದ ಅಕ್ಷರ ಒತ್ತಿಸಲು ಕ್ಯೂ. ನಾನು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಪುಟಕ್ಕಿಷ್ಟು ಅಂತ ಬೇರೆಯವರ ಪ್ರಬಂಧ ಟೈಪ್ ಮಾಡುತ್ತಿದ್ದೆ. ಅರಕಲಗೂಡಿನ ಹತ್ತಿರದ ನಮ್ಮ ಮನೆಯಿಂದ ದುಡ್ಡು ಕೇಳುವ ಸ್ಥಿತಿ ಇರಲಿಲ್ಲ. ಮುಂದಿನ ವರ್ಷದ ಫೀಸಿಗೆ ಅಂತ ಕೂಡಿಡುತ್ತಿದ್ದೆ. ಆಗ ಬಂತು 120ರ ದರ. ನಾನು ಹಾಜರಿ ಪುಸ್ತಕದಲ್ಲಿ ಹತ್ತೂ ರಾತ್ರಿಗೆ ಅಡ್ಡಗೆರೆ ಹಾಕಿದೆ. 600 ರೂಪಾಯಿ ಉಳಿಯಿತು. ಅಮ್ಮ ಕಳಿಸಿದ್ದ ಅವಲಕ್ಕಿ ಡಬ್ಬಿ ಇತ್ತು. ನೀರಲ್ಲಿ ನೆನೆಸಿ, ಬೆಲ್ಲ ಕಲಸಿ ತಿಂದು ಮಲಗುತ್ತಿದ್ದೆ. ಕೆಳಗೆ ಒಗ್ಗರಣೆ ಹಾಕಿದ ವಾಸನೆ ರೂಮಿಗೆ ಬರುತ್ತಿತ್ತು. ಯಾರ ಮೇಲೂ ನನಗೆ ಸಿಟ್ಟಿರಲಿಲ್ಲ. ಲೆಕ್ಕ ಇರೋದೇ ಹಾಗೆ ಅಂದುಕೊಂಡಿದ್ದೆ.

ಲೆಕ್ಕ ಹಾಗೇ ಇರಬೇಕಿಲ್ಲ ಅಂತ ತಿಳಿದದ್ದು ಎರಡನೇ ವರ್ಷ, ನಮ್ಮ ಅಡುಗೆಮನೆಯ ಅಮ್ಮನಿಂದ. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಒಂದು ಸಂಜೆ ಅವರು ಹುರುಳಿಕಾಯಿ ನಾರು ತೆಗೀತಾ ಕೂತಿದ್ದರು. ನಾನು ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತೆ. ಇಪ್ಪತ್ತರಿಂದಾಚೆ ನಲವತ್ತೇ ಜನ ಇರ್ತೀವಿ, ನಿಮಗೆ ಕೆಲಸ ಕಡಿಮೆ ಆಗುತ್ತಲ್ವಾ ಅಂದೆ.

‘ಕಾಯಿ ಕಮ್ಮಿ ಹೆಚ್ಚಬೌದು ಕಣವ್ವ’ ಅಂದರು. ‘ಏಳೋದು ನಾಕೂವರೆಗೇ. ನೂರಿಪ್ಪತ್ತು ಜನಕ್ಕೂ ನಾಕೂವರೆಗೇ ಒಲೆ ಹಚ್ಚಬೇಕು, ನಲವತ್ತು ಜನಕ್ಕೂ ನಾಕೂವರೆಗೇ ಹಚ್ಚಬೇಕು. ನಂಗೆ ತಿಂಗ್ಳು ಅಂದ್ರೆ ತಿಂಗ್ಳೇ.’

ನಾನು ಅಲ್ಲೇ ಪೆನ್ಸಿಲ್ ತೆಗೆದುಕೊಂಡೆ. ಅವರ ಸಂಬಳ ಊಟದ ಲೆಕ್ಕದ ಮೇಲೆ ನಿಂತಿಲ್ಲ, ತಿಂಗಳ ಮೇಲೆ ನಿಂತಿದೆ. ಹಾಗಿದ್ದ ಮೇಲೆ ಅದನ್ನು ಊಟದ ದಿನಗಳಿಂದ ಯಾಕೆ ಭಾಗಿಸಬೇಕು? ತಿಂಗಳ ಮೊದಲ ದಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದ 120 ಜನರಿಗೂ ಸಮನಾಗಿ ಹಂಚಿದರೆ ತಲೆಗೆ 500. ಊಟ ಮಾತ್ರ ಉಂಡಷ್ಟು ದಿನಕ್ಕೆ 70ರಂತೆ. ಹೊರಡುವವರಿಗೆ 1,900 ರೂಪಾಯಿ, ಹಳೇ ಲೆಕ್ಕಕ್ಕಿಂತ 167 ಜಾಸ್ತಿ. ಉಳಿಯುವವರಿಗೆ 2,600, ಹಳೇ ಲೆಕ್ಕಕ್ಕಿಂತ 333 ಕಡಿಮೆ. ನಾಲ್ಕು ಸಲ ಕೂಡಿ ನೋಡಿದೆ. ಸರಿಯಾಗಿತ್ತು.

ಆ ರಾತ್ರಿ ಡೈನಿಂಗ್ ಹಾಲ್‌ನಲ್ಲಿ ಇದನ್ನೇ ಹೇಳಿದೆ. ನನಗೆ ಎಂಬತ್ತು ಜನರ ಮುಂದೆ ಅವರ ಜೇಬಿನ ಬಗ್ಗೆ ಮಾತಾಡೋದು ಸುಲಭವಾಗಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಉಣ್ಣದ ಊಟಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು ಅಂತ ಒಬ್ಬರು. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಂತ ಇನ್ನೊಬ್ಬರು. ಇತಿಹಾಸ ವಿಭಾಗದ ಒಬ್ಬಳು ಎದ್ದು ನಿಂತು ನೇರವಾಗಿ ಕೇಳಿದಳು. ‘ಸೆಕ್ರೆಟರಿ ಅಂತ ನೀನೂ ಮೂವತ್ತರ ತನಕ ಇರ್ತೀಯಲ್ಲ? ಅದಕ್ಕೇ ಹೇಳ್ತಿದೀಯಾ?’

ಕೇಳಿದ್ದು ನ್ಯಾಯವಾಗಿಯೇ ಇತ್ತು. ಲೆಕ್ಕ ಮುಗಿಸಿ ಸ್ಟೋರ್ ರೂಮ್ ಒಪ್ಪಿಸುವವರೆಗೆ ನಾನು ಇರಲೇಬೇಕಿತ್ತು. ನನ್ನ ಬಿಲ್ ಹಳೇ ಲೆಕ್ಕದಲ್ಲೇ ಹಾಕ್ಕೋತೀನಿ ಅಂದೆ.

ಆಗ ಮಾತಾಡಿದ್ದು ಯಾದಗಿರಿ ಕಡೆಯ ಗೆಳತಿ. ಅವಳು ಅರ್ಥಶಾಸ್ತ್ರದವಳು, ಅವಳೂ ಹೊರಡುವವಳೇ. ಬಸವ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿತ್ತು. ‘ಅದೂ ತಪ್ಪೇ ನೋಡು. ಲೆಕ್ಕ ಅಂದ್ರ ಎಲ್ಲಾರಿಗೂ ಒಂದಾ ಇರಬೇಕು. ನೀ ಹೇಳಿದ್ದು ಖರೇ ಇದ್ರ ನಿನಗೂ ಖರೇ. ಇವತ್ತು ನಾವು ಹೋಗಾವ್ರು. ಮುಂದಿನ ಸಲ ಇದೇ ಜೂನಿಯರ್ಸ್ ಉಳಿಯಾವ್ರು ಆಗಬಹುದು.’

ಆಮೇಲೆ ಕೈ ಎತ್ತಿಸಿದೆ. ಎಷ್ಟು ಕೈ ಅಂತ ಎಣಿಸುವ ಅಗತ್ಯ ಬೀಳಲಿಲ್ಲ. ಪ್ರಶ್ನೆ ಕೇಳಿದವಳ ಕೈಯೂ ಮೇಲೆ ಇತ್ತು. ಅವಳನ್ನು ನಾನು ಈಗಲೂ ತುಂಬಾ ಗೌರವದಿಂದ ನೆನೆಯುತ್ತೇನೆ.

ಬೀಳ್ಕೊಡುಗೆ ಊಟವನ್ನು 19ಕ್ಕೇ ಇಟ್ಟುಕೊಂಡೆವು, ಯಾರೂ ಹೊರಡುವ ಮೊದಲು. ಏನು ಸಿಹಿ ಅನ್ನೋದಕ್ಕೆ ದೊಡ್ಡ ಚರ್ಚೆಯಾಗಿ ಕೊನೆಗೆ ಒಬ್ಬಟ್ಟು ಅಂತಾಯಿತು. ಅದನ್ನು ಗೆಲ್ಲಿಸಿದ್ದೂ ಅಮ್ಮನೇ. ಬೇರೆ ಸಿಹಿ ತರಿಸಿದರೆ ಅದು ಅಲ್ಲಿಗೆ ಮುಗಿಯಿತು. ಒಬ್ಬಟ್ಟಿಗೆ ಬೇಯಿಸಿದ ಬೇಳೆಯ ಕಟ್ಟಿನಲ್ಲಿ ಎರಡು ಹೊತ್ತಿನ ಸಾರು ಬರುತ್ತದೆ.

ಆ ಮಧ್ಯಾಹ್ನ ಮೂರು ಗಂಟೆಯಿಂದಲೇ ಅಡುಗೆಮನೆಯಲ್ಲಿ ನಾವು ಎಂಟು ಜನ ಇದ್ದೆವು. ಕಣಕ ಎಣ್ಣೆಯಲ್ಲಿ ನೆನೆಯುತ್ತಾ ಇತ್ತು. ಹೂರಣ ರುಬ್ಬಿ ರುಬ್ಬಿ ಬೆಲ್ಲದ ಬಣ್ಣಕ್ಕೆ ಬಂದಿತ್ತು. ಅಮ್ಮ ಒಂದು ಉಂಡೆ ಕಣಕ ಅಂಗೈಯಲ್ಲಿ ಹರಡಿ, ಅದರ ಎರಡರಷ್ಟು ಹೂರಣ ಇಟ್ಟು, ಬೆರಳ ತುದಿಯಲ್ಲೇ ಬಾಯಿ ಮುಚ್ಚಿ ಬಾಳೆ ಎಲೆಯ ಮೇಲೆ ಇಡುತ್ತಿದ್ದರು. ತಟ್ಟುವ ಕೆಲಸ ನಮಗೆ. ನಾನು ತಟ್ಟಿದ್ದು ಒಂದು ಕಡೆ ಬಿರಿಯಿತು. ‘ಅಂಚಿಂದ ತಟ್ಟವ್ವ, ನಡುವೆ ಒತ್ತಬ್ಯಾಡ’ ಅಂದರು. ಅಂಚಿನಿಂದ ತಟ್ಟಿದೆ. ಕಾವಲಿ ಮೇಲೆ ಅದು ಉಬ್ಬಿದಾಗ ಏಲಕ್ಕಿ ವಾಸನೆ ಮೂರನೇ ಮಹಡಿವರೆಗೆ ಹೋಗಿತ್ತಂತೆ. ಓದುತ್ತಾ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು.

ಊಟಕ್ಕೆ ಸಾಲಾಗಿ ಎಲೆ ಹಾಕಿ ಕೂತೆವು. ಬಡಿಸಿದ್ದು ಜೂನಿಯರ್ಸ್. ಅಡುಗೆಯವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಬೇಕು ಅಂತ ಮೊದಲೇ ಹೇಳಿದ್ದೆ. ಅವರು ಒಪ್ಪಲಿಲ್ಲ, ಕೈ ಹಿಡಿದು ಎಳೆದು ಕೂರಿಸಬೇಕಾಯಿತು. ಅಮ್ಮ ಎಲೆಯ ಮುಂದೆ ಕೂತರೂ ಕಣ್ಣು ಮಾತ್ರ ಬಡಿಸುವವರ ಕೈ ಮೇಲೆ. ‘ತುಪ್ಪ ಆ ಕೊನೆಗೆ ಬಂದಿಲ್ಲ’ ಅಂತ ಎರಡು ಸಲ ಹೇಳಿದರು. ಊಟ ಆದಮೇಲೆ ಮೈಸೂರು ವೀಳ್ಯದೆಲೆ, ಅಡಿಕೆ. ಭಾಷಣ ಯಾರೂ ಮಾಡಲಿಲ್ಲ. ವಿಭಾಗದ ಬೀಳ್ಕೊಡುಗೆಯಲ್ಲಿ ಸೀರೆ, ಫೋಟೋ, ಭಾಷಣ ಎಲ್ಲಾ ಆಗಿತ್ತು. ನನಗೆ ಮಾತ್ರ ಬೀಳ್ಕೊಡುಗೆ ಅಂದರೆ ಈ ಊಟವೇ.

ಮಾರನೇ ದಿನ ನೋ ಡ್ಯೂಸ್ ಸುತ್ತಾಟ. ಒಂದು ಹಾಳೆ, ಅದರಲ್ಲಿ ಐದಾರು ಸಹಿ. ವಿಭಾಗದ ಗ್ರಂಥಾಲಯ, ದೊಡ್ಡ ಗ್ರಂಥಾಲಯ, ದೈಹಿಕ ಶಿಕ್ಷಣ ವಿಭಾಗ, ಹಾಸ್ಟೆಲು. ಮಾನಸಗಂಗೋತ್ರಿ 739 ಎಕರೆ ಅಂತ ಸೇರುವಾಗ ಓದಿದ್ದೆ. ಎಷ್ಟು ದೊಡ್ಡದು ಅಂತ ಕಾಲಿಗೆ ಗೊತ್ತಾಗಿದ್ದು ಆವತ್ತು. ಯಾದಗಿರಿಯ ಗೆಳತಿಯೂ ಜೊತೆಗಿದ್ದಳು. ಜಯಲಕ್ಷ್ಮೀ ವಿಲಾಸದ ಮುಂದೆ ಹಾದು ಹೋಗುವಾಗ, ಎರಡು ವರ್ಷ ಇಲ್ಲೇ ಇದ್ದು ಒಳಗಿನ ಜಾನಪದ ವಸ್ತುಸಂಗ್ರಹಾಲಯ ಒಂದು ಸಲವೂ ನೋಡಿಲ್ಲ ಅಂದಳು. ಸಹಿ ಆಮೇಲೆ ಅಂತ ಹೇಳಿ ಒಳಗೆ ಕರಕೊಂಡು ಹೋದೆ. ಯಕ್ಷಗಾನದ ಕಿರೀಟಗಳು, ತೊಗಲುಗೊಂಬೆಗಳು, ಊರೂರಿನ ದೇವರ ಮುಖಗಳು. ಅವಳು ಎಲ್ಲ ಬಿಟ್ಟು ಹಳೇ ಅಳತೆಯ ಸೇರು, ಪಾವುಗಳ ಮುಂದೆ ನಿಂತಳು. ಅವರ ಅಜ್ಜಿ ಜೋಳ ಅಳೆಯುತ್ತಿದ್ದ ಸೇರು ಹೀಗೇ ಇತ್ತಂತೆ.

ಅಲ್ಲಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ಕೂತೆವು. ಹೆಜ್ಜಾರ್ಲೆಗಳು ನಡುಗಡ್ಡೆಯ ಮರದ ಮೇಲೆ ರೆಕ್ಕೆ ಒಣಗಿಸುತ್ತಿದ್ದವು. 1960ರಲ್ಲಿ ಶುರುವಾದ ಈ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಅವರು ಆಗ ಇಲ್ಲಿ ಕುಲಪತಿ. ಆ ಹೆಸರು ನನಗೆ ಯಾವಾಗಲೂ ಇಷ್ಟ. ಗಂಗೋತ್ರಿ ಅಂದರೆ ನದಿ ಹುಟ್ಟುವ ಜಾಗ, ಅಲ್ವಾ? ಅಲ್ಲಿ ಯಾವ ನೀರೂ ನಿಲ್ಲುವುದಿಲ್ಲ. ಗೆಳತಿ ಫಾರ್ಮನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕೂತಿದ್ದಳು. ಮೆಸ್ ಬಾಕಿಯ ಮುಂದೆ ನಾನೇ ಸಹಿ ಮಾಡಬೇಕಿತ್ತು. ಅಲ್ಲೇ ಮಾಡಿಕೊಟ್ಟೆ. ನನ್ನ ಹೆಸರನ್ನು ಒಂದು ಸಲ ಓದಿ ಫಾರ್ಮ್ ಮಡಚಿ ಇಟ್ಟಳು.

ಅವಳ ರೈಲು ಮಾರನೇ ಮಧ್ಯಾಹ್ನ. ಬಕೆಟ್ಟು, ಮಗ್ಗು, ನೀರು ಕಾಯಿಸುವ ಕಾಯಿಲ್ ಜೂನಿಯರ್‌ಗಳಿಗೆ ಹೋಯಿತು. ನೋಟ್ಸು ಕಟ್ಟಿ ಹೆಸರು ಬರೆದು ಕೊಟ್ಟಳು. ಹಾಸಿಗೆ ಸುತ್ತಿ ಹಗ್ಗ ಬಿಗಿದೆವು. ಅಮ್ಮ ಮೂರು ಒಬ್ಬಟ್ಟನ್ನು ಬಾಳೆ ಎಲೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ‘ಉಂಡ್ಕೊಂಡ್ ಹೋಗವ್ವ, ದೂರ’ ಅಂತ ಕೈಗೆ ಕೊಟ್ಟರು.

ಆ ಹತ್ತು ದಿನ ಹಾಸ್ಟೆಲ್ ತಣ್ಣಗಿತ್ತು. ನಲವತ್ತು ಜನ ಎರಡೇ ಟೇಬಲ್ ಸಾಲಿನಲ್ಲಿ ಕೂರುತ್ತಿದ್ದೆವು. ಬೆಳಗಿನ ನಾಲ್ಕೂವರೆಗೆ ನನಗೂ ಎಚ್ಚರವಾಗುತ್ತಿತ್ತು. ಕೆಳಗೆ ಪಾತ್ರೆ ಸದ್ದು, ಆಮೇಲೆ ಲೈಟರ್ ಸದ್ದು.

30ರ ಬೆಳಗ್ಗೆ ಮುಂದಿನ ಸೆಕ್ರೆಟರಿ, ಕೊಳ್ಳೇಗಾಲದ ಹುಡುಗಿ, ಸ್ಟೋರ್ ರೂಮ್ ಒಪ್ಪಿಸಿಕೊಳ್ಳಲು ಬಂದಳು. ಅಕ್ಕಿ ಅರ್ಧ ಮೂಟೆ, ತೊಗರಿಬೇಳೆ ಆರು ಕೆಜಿ, ಎಣ್ಣೆ ಒಂದು ಟಿನ್ನು. ಒಂದೊಂದನ್ನೂ ತೂಗಿ ಬರೆದು ಇಬ್ಬರೂ ಸಹಿ ಹಾಕಿದೆವು. ಹೊಸ ಲೆಕ್ಕ ಹಾಕುವ ಕ್ರಮವನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೆ. ಅವಳು ಓದಿ, ಸಂಬಳ ಯಾಕೆ ಬೇರೆ ತೆಗೆದಿದ್ದೀರಿ ಅಕ್ಕ ಅಂತ ಕೇಳಿದಳು. ಅಮ್ಮನನ್ನು ಕೇಳು ಅಂದೆ.

ಅವಳು ಅಡುಗೆಮನೆ ಕಡೆ ಹೋದಾಗ ನಾನು ಹಾಜರಿ ಪುಸ್ತಕ ತೆರೆದೆ. 21ರಿಂದ 30ರವರೆಗಿನ ಮನೆಗಳ ಮೇಲೆ ಬೆರಳಿಟ್ಟು, ಒಂದೊಂದೇ ಹೆಸರಿನ ಮುಂದೆ ಮೇಲಿಂದ ಕೆಳಗೆ ಬಂದೆ. ನಲವತ್ತು ಹೆಸರು. ರಾತ್ರಿ ಊಟದ ಮನೆಯಲ್ಲಿ ಒಂದು ಕಡೆಯೂ ಅಡ್ಡಗೆರೆ ಇರಲಿಲ್ಲ.